ಹಾಕಿದ ಬ್ಲೇಡು ಒಂದು, ಬಂದ ಕೆಲಸ ಇನ್ನೊಂದು

ಬ್ಯಾಂಡ್ ಸಾ, ಅಂದರೆ ಎರಡು ಚಕ್ರಗಳ ಮೇಲೆ ಪಟ್ಟಿಯಂಥ ಬ್ಲೇಡು ಸುತ್ತುವ ಗರಗಸದ ಮಿಷನ್, ಇಟ್ಟುಕೊಂಡವರ ಹಣೆಬರಹ ಇಷ್ಟೇ. ಮಿಷನ್‌ಗೆ ಯಾವ ಬ್ಲೇಡು ಹಾಕಿರುತ್ತೀರೋ, ಆ ಕೆಲಸ ಯಾರಿಗೂ ಬೇಕಾಗಿರೋದಿಲ್ಲ.

ಅರ್ಧ ಇಂಚು ಅಗಲದ, ಇಂಚಿಗೆ 3 ಹಲ್ಲಿನ ಬ್ಲೇಡು ಕೂರಿಸಿ, ಅದು ಆಚೀಚೆ ಸರಿಯದಂತೆ ಹಿಡಿಯುವ ಗೈಡು ಹೊಂದಿಸಿ, ಇನ್ನೇನು ಹಲಸಿನ ದಿಮ್ಮಿ ಸೀಳಬೇಕು ಅನ್ನುವಾಗ ಕೊಪ್ಪದಿಂದ ಅತ್ತೆ ಬಂದಿಳಿದರು. ಮೆಟ್ಟುಗತ್ತಿಗೆ ಹೊಸ ಮಣೆ ಬೇಕಂತೆ. ಅದೂ ಹಳೆಯದರ ಹಾಗೇ ನಡು ಸಣ್ಣಗಿರಬೇಕಂತೆ. ಅರ್ಧ ಇಂಚಿನ ಬ್ಲೇಡಿಗೆ ಸುಮಾರು ಎರಡೂವರೆ ಇಂಚು ತ್ರಿಜ್ಯಕ್ಕಿಂತ ಚಿಕ್ಕ ತಿರುವು ಆಗೋದಿಲ್ಲ. ಬಲವಂತ ಮಾಡಿದರೆ ಮರ ಹೊಗೆಯಾಡುತ್ತೆ, ಬ್ಲೇಡು ಹಾಳಾಗುತ್ತೆ. ಕಾಲಿಂಚಿನದೇ ಬೇಕು.

"ಇರೋದ್ರಲ್ಲೇ ಮಾಡೋ, ಅದೂ ಗರಗಸನೇ ಅಲ್ವಾ?" ಅಂದರು ಅತ್ತೆ.

ಹಾಕಿದ ಬ್ಲೇಡು ತೆಗೆಯೋದು ಸುಲಭ. ಮೂರು ಸುತ್ತು ಸುರುಳಿ ಮಾಡಿ ಕಟ್ಟಿಟ್ಟ ಇನ್ನೊಂದನ್ನು ಬಿಚ್ಚೋದಿದೆಯಲ್ಲ, ಅದಕ್ಕೆ ಗುಂಡಿಗೆ ಬೇಕು. ಗ್ಲೌಸು, ಕನ್ನಡಕ ಹಾಕಿಕೊಂಡು, ಎರಡೂ ಕೈ ಚಾಚಿ, ಮುಖ ಆಚೆ ತಿರುಗಿಸಿ ಬಿಟ್ಟರೆ ಎಂಟಡಿ ಉಕ್ಕು ಝಲ್ ಅಂತ ಚಿಮ್ಮಿ ಬಿಚ್ಚಿಕೊಳ್ಳುತ್ತೆ. ನನ್ನ ಆ ಅವತಾರ ನೋಡಿ ಪಕ್ಕದ ಮನೆಯವರು ಹಾವು ಹಿಡಿದಿದ್ದಾನೆ ಅಂದುಕೊಂಡು ದೊಣ್ಣೆ ಹಿಡಿದು ಓಡಿಬಂದರು. ಅವರದೇನೂ ತಪ್ಪಿಲ್ಲ ಬಿಡಿ. ಆಗುಂಬೆ ಸೀಮೆಯಲ್ಲಿ ಕಾಳಿಂಗವೇ ಅಂಗಳಕ್ಕೆ ಬರುತ್ತೆ.

ಆಮೇಲೆ ಟೆನ್ಷನ್, ಅಂದರೆ ಬ್ಲೇಡಿನ ಬಿಗಿ. ಮಿಷನ್ ಹಿಂದೆ ಅದಕ್ಕೊಂದು ಅಳತೆ ಪಟ್ಟಿ ಇದೆ, ನೋಡೋಕೆ ಚೆನ್ನಾಗಿದೆ. ಅದು ಹೇಳೋದು ಬ್ಲೇಡನ್ನು ಎಳೆದಿಡುವ ಸ್ಪ್ರಿಂಗ್ ಎಷ್ಟು ಕುಗ್ಗಿದೆ ಅಂತ, ಬ್ಲೇಡು ಎಷ್ಟು ಬಿಗಿಯಾಗಿದೆ ಅಂತಲ್ಲ. ಸ್ಪ್ರಿಂಗಿಗೆ ವಯಸ್ಸಾದ ಮೇಲಂತೂ ಅದರ ಮಾತು ನಂಬೋ ಹಾಗೇ ಇಲ್ಲ. ಹಾಗಾಗಿ ನಾನು ಮೇಲಿನ ಗೈಡನ್ನು ಟೇಬಲ್‌ನಿಂದ ಆರು ಇಂಚು ಎತ್ತಿ, ಮಿಷನ್ ಆಫ್ ಇರುವಾಗ, ಬ್ಲೇಡಿನ ಪಕ್ಕಕ್ಕೆ ಬೆರಳಿಟ್ಟು ಒತ್ತುತ್ತೇನೆ. ಕಾಲಿಂಚು ಸರಿದರೆ ಸರಿ.

ತೊಂದರೆ ಏನಂದ್ರೆ, ಬೆರಳು ಎಲ್ಲರಿಗೂ ಇದೆ. ಆಚಾರ್ರು ಬಂದು ಒತ್ತಿ, "ಸಡಿಲ ಆಯ್ತು ಮಾರಾಯ್ರೇ, ದಪ್ಪ ಮರದಲ್ಲಿ ಬ್ಲೇಡು ಹೊಟ್ಟೆ ಬಿಡ್ತದೆ, ಹಲಗೆ ಡೊಂಕಾಗ್ತದೆ" ಅಂದರು. ಅವರ ಬೆನ್ನಿಗೇ ಭಾವ ಒತ್ತಿ, "ಜಾಸ್ತಿ ಬಿಗಿ ಮಾಡಿದ್ದೀಯ, ಬೆಸುಗೆ ಬಿಟ್ಟು ತುಂಡಾಗುತ್ತೆ ನೋಡು" ಅಂದರು. ಅದೇ ಬ್ಲೇಡು, ಅದೇ ನಿಮಿಷ! ದಿನವಿಡೀ ಉಳಿ ಹಿಡಿಯುವ ಬೆರಳಿಗೂ ಅಡಿಕೆ ಮಂಡಿಯಲ್ಲಿ ನೋಟು ಎಣಿಸುವ ಬೆರಳಿಗೂ ವ್ಯತ್ಯಾಸ ಇರುತ್ತಲ್ಲ. ಇಬ್ಬರಿಗೂ ಹ್ಞೂಂ ಅಂದು ಕಾಫಿ ಕೊಟ್ಟೆ.

ಮಣೆ ಮುಗಿಯಿತು. ಮತ್ತೆ ಅರ್ಧ ಇಂಚಿನದು ಹಾಕಿ ಹಲಸು ಸೀಳಿದ್ದೂ ಆಯಿತು. ಹಸಿ ಹಲಸಿನ ಮಾತು ಮಾತ್ರ ಕೇಳಬೇಡಿ. ಹಲ್ಲಿನ ಸಂದಿಯಲ್ಲಿ ಅಂಟು, ಅಂಟಿನ ಮೇಲೆ ಹೊಟ್ಟು, ಹೊಟ್ಟಿನ ಮೇಲೆ ಮತ್ತೆ ಅಂಟು. ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸುತ್ತಾ ಕೂತರೆ ಊಟದ ಹೊತ್ತು ಮೀರುತ್ತೆ.

ಕೆಲಸ ಮುಗಿದ ಮೇಲೆ ಟೆನ್ಷನ್ ಇಳಿಸಿಡಬೇಕು, ಇಲ್ಲದಿದ್ದರೆ ಚಕ್ರದ ರಬ್ಬರು ಒಂದೇ ಕಡೆ ತಗ್ಗು ಬೀಳುತ್ತೆ. ಇಳಿಸಿ, "ಸಡಿಲ ಇದೆ, ಸ್ವಿಚ್ ಹಾಕಬೇಡಿ" ಅಂತ ಚೀಟಿ ಅಂಟಿಸಿ ಊಟಕ್ಕೆ ಹೋದೆ. ಸಾರಿನ ಅನ್ನ ಕಲಸುವಷ್ಟರಲ್ಲಿ ಢಮಾರ್! ಬ್ಲೇಡು ಚಕ್ರದಿಂದ ಕಳಚಿ ಡಬ್ಬದೊಳಗೇ ಗಂಟು ಬಿದ್ದಿತ್ತು. ಪುಣ್ಯಕ್ಕೆ ಬಾಗಿಲು ಮುಚ್ಚಿತ್ತು. ಭಾವ ಎರಡು ಮಾರು ದೂರದಲ್ಲಿ ಚೀಟಿ ಹಿಡಿದು ನಿಂತಿದ್ದರು.

"ಇದನ್ನು ಓದೋಣ ಅಂದ್ರೆ ಕತ್ತಲೆ. ಲೈಟ್ ಸ್ವಿಚ್ ಅಂದ್ಕೊಂಡೆ ಕಣೋ" ಅಂದರು.