ಎಲೆಕೋಸು, ಚಿಗಟ, ಮತ್ತೆ 'ಝ ತೆಮ್'

ಫ್ರಾನ್ಸ್‌ನ ಲಿಯಾನ್‌ನಲ್ಲಿ ಓದ್ತಿರೋ ತಂಗಿ ಮಗಳು ಮೊನ್ನೆ ಫೋನ್ ಮಾಡಿದವಳೇ, "ದೊಡ್ಡಮ್ಮ, ನಮ್ಮ ಮನೆ ಓನರ್ ಆಂಟಿ ಮಗಳನ್ನ ಚಿಗಟ ಅಂತ ಕರೀತಾರೆ!" ಅಂತ ನಗೋಕೆ ಶುರು ಮಾಡಿದಳು. ಫ್ರೆಂಚ್‌ನ 'ಮಾ ಪ್ಯೂಸ್' ಅಂದ್ರೆ ಅಕ್ಷರಶಃ ನನ್ನ ಚಿಗಟ. ಗಂಡನಿಗೆ 'ಮೊಂ ಶೂ', ನನ್ನ ಎಲೆಕೋಸು. (ಶೂ ಅಂದ್ರೆ ಕೆನೆ ತುಂಬಿದ ಒಂದು ಪೇಸ್ಟ್ರಿ ಕೂಡ, ಆದ್ರೂ ನನ್ನ ಕಣ್ಣಿಗೆ ಬರೋದು ಸಾಗು ಪಾತ್ರೇನೇ.) ನಕ್ಕು ಮುಗಿದ ಮೇಲೆ ಕೇಳಿದೆ: ನಿಮ್ಮಮ್ಮ ನಿನ್ನನ್ನ ಗುಬ್ಬಿಮರಿ ಅಂತಿರಲಿಲ್ವಾ? ನಿನಗೇನು ರೆಕ್ಕೆ ಇತ್ತಾ?

ನಾನು ಪಿಯುಸಿಯಲ್ಲಿ ಫ್ರೆಂಚ್ ತಗೊಂಡಿದ್ದು ಮಾರ್ಕ್ಸ್ ಆಸೆಗೆ, ಬೆಂಗಳೂರಿನ ಅರ್ಧ ಮಕ್ಕಳ ಹಾಗೆ. ಕಲಿಸಿದ್ದು ಇಂಗ್ಲಿಷ್ ಮೂಲಕ. ಅಲ್ಲೇ ಎಡವಟ್ಟಾಗಿದ್ದು ಅಂತ ಈಗ ಅನ್ಸುತ್ತೆ.

'ತು ಮ ಮಾಂಕ್' ನೋಡಿ. ದೂರ ಇರೋರಿಗೆ ಹೇಳೋ ಮಾತು. ಇಂಗ್ಲಿಷ್‌ನ 'ಐ ಮಿಸ್ ಯೂ' ತಲೆಯಲ್ಲಿಟ್ಟುಕೊಂಡವರು 'ನಾನು' ಅಂತ ಶುರು ಮಾಡಿ 'ಝ ತ ಮಾಂಕ್' ಅಂದುಬಿಡ್ತಾರೆ. ಅದರರ್ಥ ಪೂರ್ತಿ ಉಲ್ಟಾ: ನಾನಿಲ್ಲದೆ ನಿನಗೆ ಬೇಜಾರು! ನಮ್ಮ ಹುಡುಗಿಯೂ ಯಾರಿಗೋ ಹೀಗೇ ಮೆಸೇಜ್ ಹಾಕಿದ್ದಳಂತೆ. ಯಾರಿಗೆ ಅಂತ ಬಾಯಿಬಿಡಲಿಲ್ಲ. ಅದೇ ಕನ್ನಡದಲ್ಲಿ ಯೋಚಿಸಿದ್ರೆ? ತು ಅಂದ್ರೆ ನೀನು, ಮ ಅಂದ್ರೆ ನನಗೆ, ಮಾಂಕ್ ಅಂದ್ರೆ ಇಲ್ಲದೆ ಕೊರತೆಯಾಗೋದು. 'ನೀನು ನನಗೆ ಬೇಕು' ಅನ್ನೋದೂ ಇದೇ ಅಚ್ಚು. 'ತು ಮ ಪ್ಲೆ' ಅಂತೂ ನೇರವಾಗಿ 'ನೀನು ನನಗೆ ಹಿಡಿಸ್ತೀಯ'. ನಮ್ಮ ವ್ಯಾಕರಣದಲ್ಲೇ ಇದ್ದಿದ್ದನ್ನ ಬಿಟ್ಟು ಊರೆಲ್ಲ ಸುತ್ತಿದೀವಿ.

ನೀನು-ನೀವು ಕೂಡ ಹಾಗೇ. ಫ್ರೆಂಚ್‌ನಲ್ಲಿ 'ವು'ನಿಂದ 'ತು'ಗೆ ಇಳಿಯೋ ಗಳಿಗೆಯ ಪುಳಕ ಇಂಗ್ಲಿಷ್‌ನವರಿಗೆ ವಿವರಿಸಬೇಕು, ನಮಗೆ ಬೇಡ. ಹಾಗಂತ ಎಲ್ಲರೂ ಇಳೀತಾರೆ ಅಂತಲ್ಲ. 1995ರಿಂದ 2007ರವರೆಗೆ ಫ್ರಾನ್ಸ್ ಅಧ್ಯಕ್ಷರಾಗಿದ್ದ ಝಾಕ್ ಶಿರಾಕ್ ಮತ್ತು ಅವರ ಹೆಂಡತಿ ಬರ್ನಾಡೆಟ್ ಒಬ್ಬರಿಗೊಬ್ಬರು 'ವು' ಅಂತಲೇ ಮಾತಾಡ್ತಿದ್ರು. ನಮ್ಮಜ್ಜಿಗೆ ಹೇಳಿದ್ರೆ "ಅದ್ರಲ್ಲೇನಿದೆ?" ಅಂತಿದ್ಲು. ಅವಳ 'ರೀ'ಯಲ್ಲಿ ಪ್ರೀತಿ, ಕೋಪ, ಕಾಫಿಗೆ ಬನ್ನಿ ಎಲ್ಲಾ ಇತ್ತು.

ಒಂದು ಕಡೆ ಮಾತ್ರ ಕನ್ನಡವೂ ಕೈಕೊಡುತ್ತೆ. 'ಝ ತೆಮ್' ಅಂದ್ರೆ ನಿನ್ನನ್ನ ಪ್ರೀತಿಸ್ತೀನಿ. ಅದಕ್ಕೆ 'ಚೆನ್ನಾಗಿ' ಅನ್ನೋ 'ಬಿಯಾಂ' ಸೇರಿಸಿದ್ರೆ ಪ್ರೀತಿ ಜಾಸ್ತಿ ಆಗ್ಬೇಕಲ್ವಾ? ಇಲ್ಲ, ಇಳಿದುಹೋಗುತ್ತೆ! 'ಝ ತೆಮ್ ಬಿಯಾಂ' ಅಂದ್ರೆ ನೀನು ಒಳ್ಳೆಯವನಪ್ಪ, ಸ್ನೇಹಿತರಾಗಿರೋಣ. ಸಕ್ಕರೆ ಹಾಕಿದಷ್ಟೂ ಸಪ್ಪೆಯಾಗೋ ಪಾಯಸ.

ನಮ್ಮ ಹುಡುಗಿಗೆ ಅವತ್ತಿನ ಮೆಸೇಜಿಗೆ ಬಂದ ಉತ್ತರದಲ್ಲೂ ಆ 'ಬಿಯಾಂ' ಇತ್ತಂತೆ. "ಪರ್ವಾಗಿಲ್ಲ ಬಿಡಿ ದೊಡ್ಡಮ್ಮ, ವ್ಯಾಕರಣ ಗೊತ್ತಾಯ್ತಲ್ಲ" ಅಂದಳು. ದನಿ ಮಾತ್ರ ಸ್ವಲ್ಪ ಸಣ್ಣದಾಗಿತ್ತು.