ಹಳೇ ಹೆಲಿಕಾಪ್ಟರ್ ಟ್ರೈನರಿಗೆ ದಯವಿಟ್ಟು ಗೇಮ್ ತುಂಬಬೇಡಿ

ಸೋಮವಾರಪೇಟೆ ಕಡೆ ನಮ್ಮ ಪಕ್ಕದ ತೋಟದ ಕಾಫಿ ಗೋಡೌನಿನಲ್ಲಿ ಒಂದು ಹೆಲಿಕಾಪ್ಟರ್ ಕಾಕ್‌ಪಿಟ್ ಇದೆ. ಇದು ಯಾವತ್ತೂ ಹಾರಿದ್ದಲ್ಲ. ಪೈಲಟ್‌ಗಳು ನೆಲದ ಮೇಲೇ ಕೂತು ಕಲಿಯಲಿ ಅಂತ ಮಾಡಿದ ಚೇತಕ್ ಟ್ರೈನರ್. ಗುಜರಿಯವರ ಕೈಯಿಂದ ಕೈಗೆ ದಾಟಿ ಇಲ್ಲಿಗೆ ಬಂದಿದೆ. ತಂದವರು ನಮ್ಮ ಸುಬೇದಾರ್ ಅಂಕಲ್. 1986ರಲ್ಲಿ ಸೈನ್ಯ ತನ್ನದೇ ಏವಿಯೇಷನ್ ಕೋರ್ ಕಟ್ಟಿಕೊಂಡಾಗ ಅದರಲ್ಲಿ ಮೆಕ್ಯಾನಿಕ್ ಆಗಿದ್ದವರು, ಈಗ ರಿಟೈರ್ ಆಗಿ ಕಾಫಿ, ಮೆಣಸು ನೋಡಿಕೊಂಡಿದ್ದಾರೆ. ನಾವು ನಾಲ್ಕೈದು ಜನ ಬಿಡುವಾದಾಗ ಹೋಗಿ ಕೈಜೋಡಿಸುತ್ತೇವೆ.

ಸುದ್ದಿ ಹರಡಿದ ಮೇಲೆ ನೋಡಲು ಬರುವವರದ್ದೆಲ್ಲ ಒಂದೇ ಸಲಹೆ. "ಆ ಹಳೇ ವೈರೆಲ್ಲ ಕಿತ್ತು ಬಿಸಾಕಿ, ಒಳ್ಳೇ ಗೇಮಿಂಗ್ ಕಂಪ್ಯೂಟರ್ ಕೂರಿಸಿ, ಮುಂದೆ ದೊಡ್ಡ ಟಿವಿ ಇಡಿ. ಹೋಮ್‌ಸ್ಟೇಗೆ ಬರೋರು ದುಡ್ಡು ಕೊಟ್ಟು ಆಡ್ತಾರೆ." ಕೊಡಗಿನಲ್ಲಿ ಏನೇ ಸಿಕ್ಕರೂ ಅದು ಕೊನೆಗೆ ಹೋಮ್‌ಸ್ಟೇಗೇ ಹೋಗಿ ಸೇರಬೇಕು, ಅಲ್ವಾ?

ನನಗೆ ಈ ಸಲಹೆ ಒಪ್ಪಿಗೆಯಿಲ್ಲ. ಯಾಕೆ ಅಂತ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ.

ಈ ಟ್ರೈನರಿನಲ್ಲಿ ಪರದೆಯೇ ಇಲ್ಲ. ಅಲುಗಾಡುವುದೂ ಇಲ್ಲ. ಇರುವುದು ಡಯಲ್‌ಗಳು, ಸ್ವಿಚ್‌ಗಳು, ಏರಿಸಲು ಇಳಿಸಲು ಎಡಗೈಗೆ ಕಲೆಕ್ಟಿವ್ ಲಿವರ್, ಹಿಂದೆ ಮುಂದೆ, ಆ ಕಡೆ ಈ ಕಡೆ ವಾಲಿಸಲು ಕಾಲುಗಳ ನಡುವೆ ಸೈಕ್ಲಿಕ್ ಸ್ಟಿಕ್, ಮೂತಿ ತಿರುಗಿಸಲು ಕೆಳಗೆ ಎರಡು ಪೆಡಲ್. ಇಂಜಿನ್ ಸ್ಟಾರ್ಟ್ ಮಾಡುವಾಗ ಯಾವುದರ ನಂತರ ಯಾವುದು, ಏನಾದರೂ ಕೆಟ್ಟರೆ ಮೊದಲು ಯಾವುದಕ್ಕೆ ಕೈ ಹೋಗಬೇಕು, ಇಷ್ಟನ್ನು ಕೈಗೆ ಅಭ್ಯಾಸ ಮಾಡಿಸುವುದೇ ಇದರ ಕೆಲಸ. ಚೇತಕ್ ಅಂದರೆ ಫ್ರಾನ್ಸಿನ ಅಲುಎಟ್ 3, ಬೆಂಗಳೂರಿನ ಎಚ್‌ಎಎಲ್ ಲೈಸೆನ್ಸ್ ತಗೊಂಡು 1960ರ ದಶಕದಿಂದ ಮಾಡಿದ್ದು. ಅದರ ಆರ್ಟೂಸ್ಟ್ ಟರ್ಬೈನ್ ನಿಮಿಷಕ್ಕೆ ಸುಮಾರು 33,500 ಸುತ್ತು ತಿರುಗುತ್ತದೆ. ಸ್ಟಾರ್ಟ್ ಮಾಡುವಾಗ ಬಿಸಿ ಹದ್ದು ಮೀರಿತು ಅಂದರೆ ಇಂಜಿನ್ ಹಾಳು. ಅದಕ್ಕೇ ಟೆಂಪರೇಚರ್ ಡಯಲ್ ಮೇಲೆ ಕಣ್ಣು ಕೂರುವ ತನಕ ಹುಡುಗರನ್ನು ನಿಜವಾದ ಹೆಲಿಕಾಪ್ಟರ್ ಹತ್ತಿರ ಬಿಡುತ್ತಿರಲಿಲ್ಲವಂತೆ.

ಆ ಡಯಲ್ ಕೆಳಗೆ ಒಂದು ಬಟ್ಟೆ ಟೇಪ್ ಅಂಟಿಸಿದ್ದಾರೆ. ಅಂಚು ಕಪ್ಪಾಗಿದೆ, ಒಂದು ಮೂಲೆ ಎದ್ದಿದೆ. ಮೇಲೆ ಬಾಲ್‌ಪೆನ್ನಿನಲ್ಲಿ ಹಿಂದಿಯಲ್ಲಿ 'ಪೆಹಲೆ ಇಧರ್ ದೇಖೋ', ಅಂದರೆ ಮೊದಲು ಇಲ್ಲಿ ನೋಡು ಅಂತ ಬರೆದಿದೆ. ಯಾವ ಇನ್‌ಸ್ಟ್ರಕ್ಟರ್ ಬರೆದರೋ, ಎಷ್ಟು ಜನಕ್ಕೆ ಬೈದು ಸುಸ್ತಾಗಿ ಬರೆದರೋ. ನಮ್ಮಲ್ಲೊಬ್ಬ ಸ್ಪಿರಿಟ್ ಹಚ್ಚಿ ಒರೆಸಲು ಹೊರಟಿದ್ದ, ಅಂಕಲ್ ಅವನ ಕೈಯಿಂದ ಬಟ್ಟೆ ಕಿತ್ತುಕೊಂಡರು. ಸರಿಯಾಗೇ ಮಾಡಿದರು. ಎಲ್ಲ ಉಜ್ಜಿ, ಪಾಲಿಶ್ ಹೊಡೆದು, ಹೊಸ ಪೇಂಟ್ ಬಳಿದರೆ ಉಳಿಯುವುದು ಷೋರೂಮ್ ಮಾಲು. ಇದನ್ನು ಯಾರು, ಹೇಗೆ ಬಳಸಿದರು ಅನ್ನುವುದು ಆ ಕೊಳೆಯಲ್ಲೇ ಇದೆ.

ಸೀಟಿನ ಹಿಂದೆ ಇನ್‌ಸ್ಟ್ರಕ್ಟರ್ ಪೆಟ್ಟಿಗೆ. ಅದರಲ್ಲಿ ಒಂದು ಸಾಲು ಸ್ವಿಚ್. ಒಂದು ಒತ್ತಿದರೆ ಆಯಿಲ್ ಪ್ರೆಷರ್ ಇಳಿಯುತ್ತದೆ, ಇನ್ನೊಂದು ಒತ್ತಿದರೆ ಬೆಂಕಿಯ ಕೆಂಪು ಲೈಟ್, ಮತ್ತೊಂದರಲ್ಲಿ ಇಂಜಿನ್ನೇ ಬಂದ್. ಆಕಾಶದಲ್ಲಿ ಇಂಜಿನ್ ನಿಂತರೆ ಪೈಲಟ್ ತಕ್ಷಣ ಕಲೆಕ್ಟಿವ್ ಕೆಳಗೆ ತಳ್ಳಬೇಕು. ಆಗ ಕೆಳಗಿನಿಂದ ನುಗ್ಗುವ ಗಾಳಿಯೇ ರೆಕ್ಕೆ ತಿರುಗಿಸುತ್ತಾ ಇರುತ್ತದೆ, ಹೆಲಿಕಾಪ್ಟರ್ ಹತೋಟಿಯಲ್ಲೇ ಇಳಿಯುತ್ತದೆ. ತಡ ಮಾಡಿದರೆ ರೆಕ್ಕೆಯ ವೇಗ ಹೋಯಿತು, ಕಥೆ ಮುಗಿಯಿತು. ಯೋಚನೆ ಮಾಡಿ ಮಾಡುವ ಕೆಲಸವಲ್ಲ ಇದು, ಕೈ ತಾನಾಗಿ ಹೋಗಬೇಕು. ಈಗ ಹೇಳಿ, ಇದರ ಮುಂದೆ ಟಿವಿ ಇಟ್ಟು ಗುಂಡು ಹಾರಿಸುವ ಆಟ ಹಾಕಿದರೆ ಯಾರಿಗೆ ಏನು ಗೊತ್ತಾಗುತ್ತದೆ? ಆ ಆಟಕ್ಕೆ ಸಾವಿರ ರೂಪಾಯಿ ಜಾಯ್‌ಸ್ಟಿಕ್ ಸಾಕು.

ಸಿಮ್ಯುಲೇಟರ್ ಅಂದರೆ ಕಂಪ್ಯೂಟರ್ ಅಂತ ನಾವು ತಿಳಿದಿದ್ದೇವೆ. ಹಾಗೇನಿಲ್ಲ. ಅಮೆರಿಕದ ಎಡ್ವಿನ್ ಲಿಂಕ್ 1929ರಲ್ಲಿ ಮಾಡಿದ ಟ್ರೈನರ್ ಪೂರ್ತಿ ಗಾಳಿಯದ್ದು. ಅವನ ಅಪ್ಪನದ್ದು ಪಿಯಾನೊ, ಆರ್ಗನ್ ಮಾಡುವ ಫ್ಯಾಕ್ಟರಿ. ನಮ್ಮ ಭಜನೆ ಮನೆಯ ಹಾರ್ಮೋನಿಯಂನಲ್ಲಿರುವಂಥ ತಿದಿಗಳನ್ನೇ ಜೋಡಿಸಿ ಪುಟ್ಟ ವಿಮಾನ ಆ ಕಡೆ ಈ ಕಡೆ ವಾಲುವ ಹಾಗೆ ಮಾಡಿದ. ಮೊದಲು ಜನ ಅದನ್ನು ಜಾತ್ರೆ ಆಟಿಕೆ ಅಂತಲೇ ನೋಡಿದರು. 1934ರಲ್ಲಿ ಅಲ್ಲಿನ ಸೈನ್ಯದ ಪೈಲಟ್‌ಗಳು ಅಂಚೆ ಹೊತ್ತು ಹಾರಬೇಕಾಯಿತು. ಕೆಟ್ಟ ಹವೆಯಲ್ಲಿ, ಕತ್ತಲಲ್ಲಿ ಹಲವರು ಬಿದ್ದು ಸತ್ತರು. ಆಮೇಲೆ ಸೈನ್ಯ ಆರು ಟ್ರೈನರ್ ಕೊಂಡಿತು. ಹೊರಗೆ ಏನೂ ಕಾಣದಿದ್ದಾಗ ಡಯಲ್ ನಂಬಿ ಹಾರುವುದನ್ನು ಕಲಿಸುವುದಕ್ಕೆ.

ಮಂಜು ಅಂದರೇನು ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಕುಸಿದಾಗ ಎಲ್ಲರೂ ಮೇಲೆ ನೋಡಿ "ಹೆಲಿಕಾಪ್ಟರ್ ಯಾಕೆ ಬರ್ತಿಲ್ಲ" ಅಂತ ಬೈದವರೇ. ಆ ಮೋಡದೊಳಗೆ ಬೆಟ್ಟದ ಪಕ್ಕ ಹೆಲಿಕಾಪ್ಟರ್ ಇಳಿಸುವುದು ಅಂದರೆ ಏನು ಅಂತ ನನಗೆ ಸ್ವಲ್ಪವಾದರೂ ಅರ್ಥವಾಗಿದ್ದು ಈ ಗೋಡೌನಿನ ಸೀಟಿನಲ್ಲಿ ಕೂತು ಬರೀ ಡಯಲ್ ದಿಟ್ಟಿಸಿದ ಮೇಲೆ.

ರಿಪೇರಿ ವಿಷಯ. ಇಲಿ ಕಡಿದ ವೈರ್ ಬದಲಾಯಿಸಲೇಬೇಕು, ಅದರಲ್ಲಿ ತಕರಾರಿಲ್ಲ. ಆದರೆ ಪ್ರತಿ ವೈರಿಗೂ ನಂಬರ್ ಇದೆ, ಕಟ್ಟುಗಳನ್ನು ಮೇಣದ ದಾರದಲ್ಲಿ ಗಂಟು ಹಾಕಿ ಹೊಲಿದಿದ್ದಾರೆ. ಅಂಕಲ್ ಅದೇ ನಂಬರ್ ಬರೆದು, ಅದೇ ಥರ ಗಂಟು ಹಾಕಿಸುತ್ತಾರೆ, ಬೆರಳು ನೋಯುತ್ತದೆ ಅಂದರೂ ಬಿಡುವುದಿಲ್ಲ. ವಿಮಾನದ ಉಪಕರಣಗಳಿಗೆ ಬೇಕಾದ್ದು 28 ವೋಲ್ಟ್ ಡಿಸಿ ಮತ್ತು 115 ವೋಲ್ಟ್, 400 ಹರ್ಟ್ಸ್ ಎಸಿ. ಫ್ರೀಕ್ವೆನ್ಸಿ, ಅಂದರೆ ಈ ಹರ್ಟ್ಸ್ ಲೆಕ್ಕ, ಜಾಸ್ತಿಯಾದರೆ ಟ್ರಾನ್ಸ್‌ಫಾರ್ಮರ್, ಮೋಟರ್ ಎಲ್ಲ ಚಿಕ್ಕದಾಗಿ, ಹಗುರವಾಗಿ ಮಾಡಬಹುದು, ಅದಕ್ಕೆ. ವೋಲ್ಟೇಜ್ ಮಾತ್ರ ಇಳಿಸಿ ಮನೆಯ 50 ಹರ್ಟ್ಸ್ ಕರೆಂಟ್ ಕೊಟ್ಟರೆ ಸುರುಳಿ ಬಿಸಿಯಾಗಿ ಸುಟ್ಟುಹೋಗುತ್ತದೆ. ಕೆಲವು ಮುಳ್ಳುಗಳು ತಿರುಗುವುದು ಸಿಂಕ್ರೊದಿಂದ: ಇಲ್ಲಿ ಒಂದನ್ನು ಎಷ್ಟು ತಿರುಗಿಸಿದರೆ, ವೈರಿನ ಆ ತುದಿಯಲ್ಲಿ ಅದರ ಜೋಡಿ ಅಷ್ಟೇ ತಿರುಗುತ್ತದೆ. ಕಂಪ್ಯೂಟರಿಲ್ಲದೆ. ಆ ಮುಳ್ಳು ಮೊದಲ ಸಲ ನಡುಗಿ ಎದ್ದಾಗ ನಾವೆಲ್ಲ ಕೂಗಿದ ಕೂಗಿಗೆ ತೋಟದ ಕೆಲಸಗಾರರ ಲೈನ್ ಮನೆಯವರು ಹಾವು ಬಂತೇನೋ ಅಂತ ಓಡಿಬಂದಿದ್ದರು.

ಆರ್ಡುಯಿನೊ (ಅಂಗೈಯಗಲದ ಪುಟ್ಟ ಕಂಪ್ಯೂಟರ್ ಬೋರ್ಡ್) ಬೇಡವೇ ಬೇಡ ಅಂತ ನಾನು ಹಟ ಹಿಡಿದಿಲ್ಲ. ಸತ್ತುಹೋದ ಸರ್ಕ್ಯೂಟಿನ ಜಾಗಕ್ಕೆ ಅದನ್ನು ತರಲೇಬೇಕಾಗಬಹುದು. ಆದರೆ ಕನೆಕ್ಟರಿನ ತುದಿಗೆ ಸಿಕ್ಕಿಸಿ, ಹಳೇ ವೈರ್ ಕತ್ತರಿಸಬೇಡಿ. ನಾಳೆ ಯಾರಾದರೂ ಅದನ್ನು ಕಳಚಿ ಮೊದಲಿನಂತೆ ಮಾಡುವ ಹಾಗಿರಬೇಕು.

ಇನ್ನೊಂದು ಮಾತು, ಮನೆಯಲ್ಲಿ ಹಳೇ ಮಿಲಿಟರಿ ಮೀಟರ್ ಇಟ್ಟುಕೊಂಡವರಿಗೆ. ಹಿಂದಿನ ಕಾಲದ ಡಯಲ್‌ಗಳಿಗೆ ಕತ್ತಲಲ್ಲಿ ಹೊಳೆಯಲಿ ಅಂತ ರೇಡಿಯಂ ಬಳಿಯುತ್ತಿದ್ದರು. ಹೊಳಪು ಹೋಗಿದೆ ಅಂತ ರೇಡಿಯಂ ಹೋಗಿರುವುದಿಲ್ಲ. ಅದು ಅರ್ಧಕ್ಕೆ ಇಳಿಯಲು ಸುಮಾರು 1,600 ವರ್ಷ ಬೇಕು. ಸುಮ್ನೆ ಗಾಜು ಬಿಚ್ಚಿ ಕೆರೆಯಬೇಡಿ.

ಮಡಿಕೇರಿಯಲ್ಲಿ 1965ರ ಯುದ್ಧದಲ್ಲಿ ಮಡಿದ ಪೈಲಟ್ ಸ್ಕ್ವಾಡ್ರನ್ ಲೀಡರ್ ದೇವಯ್ಯನವರ ಪ್ರತಿಮೆ ಇದೆ, 2021ರಲ್ಲಿ ಜನರಲ್ ತಿಮ್ಮಯ್ಯನವರ ಸನ್ನಿಸೈಡ್ ಮನೆ ಮ್ಯೂಸಿಯಂ ಆಯಿತು. ಒಳ್ಳೆಯದೇ, ಬೇಕಾಗಿದ್ದೇ. ಆದರೆ ಶಾಲೆ ಮಕ್ಕಳು ಮ್ಯೂಸಿಯಂನ ಟ್ಯಾಂಕ್ ಪಕ್ಕ ಫೋಟೊ ತೆಗೆಸಿಕೊಂಡು ಬಸ್ ಹತ್ತುತ್ತಾರೆ. ನಮ್ಮ ಟ್ರೈನರಿನಲ್ಲಾದರೆ ಕೂತು ತಾವೇ ಸ್ಟಾರ್ಟ್ ಮಾಡಿ, ತಪ್ಪು ಮಾಡಿ, ಕೆಂಪು ಲೈಟ್ ಹತ್ತಿಸಿಕೊಂಡು, ಅಂಕಲ್ ಕೈಲಿ ಬೈಸಿಕೊಳ್ಳಬಹುದು. ಆ ಬೈಗುಳ ಸಮೇತ ಉಳಿಯಬೇಕು ಅನ್ನುವುದೇ ನನ್ನ ಆಸೆ.

ಸದ್ಯಕ್ಕೆ ದೊಡ್ಡ ಶತ್ರು ಮಳೆ. ಜೂನ್ ಬಂದರೆ ಕನೆಕ್ಟರ್‌ಗಳಿಗೆ ಬೂಷ್ಟು. ಪೆಟ್ಟಿಗೆಯೊಳಗೆ ಹಗಲೂ ರಾತ್ರಿ ಬಲ್ಬ್ ಉರಿಸಿ ಒಣಗಿಸುತ್ತಿದ್ದೇವೆ, ಆದರೆ ಕರೆಂಟ್ ಇದ್ದರೆ ತಾನೇ! 400 ಹರ್ಟ್ಸ್ ಇನ್ವರ್ಟರ್ ಎಲ್ಲಾದರೂ ಸಿಗುತ್ತದಾ ಗೊತ್ತಿದ್ದವರು ಹೇಳಿ. ಚೇತಕ್, ಚೀತಾ ಹೆಲಿಕಾಪ್ಟರ್‌ಗಳ ಮೇಲೆ ಕೆಲಸ ಮಾಡಿದ ಹಿರಿಯರು ನಿಮ್ಮ ಮನೆಯಲ್ಲಿದ್ದರೆ ಒಮ್ಮೆ ಕರೆದುಕೊಂಡು ಬನ್ನಿ. ಇನ್‌ಸ್ಟ್ರಕ್ಟರ್ ಪೆಟ್ಟಿಗೆಯಲ್ಲಿ ಹೆಸರು ಅಳಿಸಿಹೋದ ಎರಡು ಸ್ವಿಚ್ ಇವೆ, ಅವು ಯಾವುದಕ್ಕೆ ಅಂತ ಅಂಕಲ್‌ಗೂ ನೆನಪಾಗುತ್ತಿಲ್ಲ.