ಅರ್ಧ ಸ್ವಿಂಗಿನ ಸುಖ

ಮಂಡಿ ಬದಲಾಯಿಸಿಕೊಂಡವನಿಗೆ ತನ್ನ ಮಂಡಿಯ ಮೇಲೆ ಹಕ್ಕು ಇರುವುದಿಲ್ಲ. ಅದು ಊರಿನ ಆಸ್ತಿ. ನನ್ನ ಎಡಮಂಡಿಯ ಆಪರೇಷನ್ ಆದ ಮೇಲೆ "ಹೇಗಿದ್ದೀರಿ?" ಅಂತ ನನ್ನನ್ನು ಯಾರೂ ಕೇಳಿಲ್ಲ. ಎಲ್ಲರೂ ಕೆಳಗೆ ನೋಡಿಕೊಂಡು "ಹೇಗಿದೆ?" ಅನ್ನುತ್ತಾರೆ. ನಾನು ಉತ್ತರ ಕೊಟ್ಟರೆ, ಇವನ್ಯಾಕೆ ಮಧ್ಯೆ ಬಾಯಿ ಹಾಕಿದ ಅನ್ನುವ ಹಾಗೆ ನೋಡುತ್ತಾರೆ.

ಆಪರೇಷನ್ನಿಗೆ ಮೊದಲೂ ಹೀಗೇ ಇತ್ತು. ಲಕ್ಕಿ ಸೊಪ್ಪು ಬಿಸಿ ಮಾಡಿ ಕಟ್ಟಿ ಅಂದರು ಒಬ್ಬರು. ಹರಳೆಣ್ಣೆ ಹಚ್ಚಿ ಬಿಸಿಲಲ್ಲಿ ಕೂರಿ ಅಂದರು ಇನ್ನೊಬ್ಬರು. ಮಂಡಿ ಹಾಳಾಗಿದ್ದಕ್ಕೆ ಕಾರಣ ಮಾತ್ರ ನಮ್ಮ ಮನೆಯಲ್ಲಿ ಯಾವತ್ತೋ ತೀರ್ಮಾನವಾಗಿತ್ತು: ಗಾಲ್ಫ್. "ಬಿಸಿಲಲ್ಲಿ ಚೆಂಡಿನ ಹಿಂದೆ ಅಲೆದೂ ಅಲೆದೂ ಸವೆಸಿಕೊಂಡ್ರಿ" ಎಂದಳು ನನ್ನಾಕೆ. ಹದಿನೆಂಟು ಕುಳಿ ಆಡಿದರೆ ಆರೇಳು ಕಿಲೋಮೀಟರ್ ನಡಿಗೆ ಆಗುತ್ತದೆ. ಅದು ನೆಟ್ಟಗೆ ಹೊಡೆಯುವವರ ಲೆಕ್ಕ. ಒಂದು ಸಲ ಎಡಕ್ಕೆ, ಒಂದು ಸಲ ಬಲಕ್ಕೆ ಹೊಡೆಯುವ ನನ್ನಂಥವರಿಗೆ ಸ್ವಲ್ಪ ಜಾಸ್ತಿಯೇ.

ಡಾಕ್ಟರು ನಡಿಗೆಯನ್ನು ದೂರಲಿಲ್ಲ. ವಯಸ್ಸು, ತೂಕ ಅಂದರು. ಬಲಗೈ ಆಟಗಾರ ಕೋಲು ಬೀಸಿದಾಗ ಭಾರವೆಲ್ಲ ತಿರುಗಿ ಬಂದು ಬೀಳುವುದು ಎಡಮಂಡಿಯ ಮೇಲೆ. ಕೃತಕ ಕೀಲಿನೊಳಗೇ ಸೆನ್ಸರ್ ಇಟ್ಟು ಅಳೆದಿದ್ದಾರಂತೆ. ಜೋರಾಗಿ ಬೀಸಿದಾಗ ಮೈತೂಕದ ಸುಮಾರು ನಾಲ್ಕು ಪಟ್ಟು ಭಾರ ಅಲ್ಲಿ ಬೀಳುತ್ತದೆ. "ನಿಮ್ಮ ತೂಕ ಎಷ್ಟು?" ಎಂದರು. ಹೇಳಿದೆ. ಅವರು ಗುಣಾಕಾರ ಮಾಡಲು ಹೋಗಿ, ನನ್ನ ಹೊಟ್ಟೆ ನೋಡಿ, ಸುಮ್ಮನಾದರು.

ಅಂದಹಾಗೆ, ನನ್ನ ಮಂಡಿಗೆ ಎಂಆರ್‌ಪಿ ಇದೆ. 2017ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಕೃತಕ ಮಂಡಿ ಕೀಲಿಗೆ ಬೆಲೆ ಮಿತಿ ಹಾಕಿತು. ಕೋಬಾಲ್ಟ್ ಕ್ರೋಮಿಯಂ ಮಾದರಿಗೆ ಆಗ ನಿಗದಿ ಮಾಡಿದ್ದು 54,720 ರೂಪಾಯಿ, ಜಿಎಸ್‌ಟಿ ಬೇರೆ. ಒಂದು ಒಳ್ಳೆಯ ಡ್ರೈವರ್ ಕೂಡ ಇವತ್ತು ಹೆಚ್ಚುಕಡಿಮೆ ಅಷ್ಟಕ್ಕೇ ಬರುತ್ತದೆ. ಡ್ರೈವರ್ ಅಂದರೆ ಕಾರು ಓಡಿಸುವವನಲ್ಲ, ದೂರ ಹೊಡೆಯುವ ದಪ್ಪ ತಲೆಯ ಕೋಲು. ಎರಡರಲ್ಲಿ ಯಾವುದಕ್ಕೆ ಮನೆಯಲ್ಲಿ ಮರುಮಾತಿಲ್ಲದೆ ದುಡ್ಡು ಹೊರಟಿತು ಅಂತ ಬೇರೆ ಹೇಳಬೇಕಿಲ್ಲ.

ಆಪರೇಷನ್ ನಡೆಯುತ್ತಿದ್ದಾಗ ನನ್ನಾಕೆ ಹೊರಗೆ ಕೂತು ಚಾಮುಂಡಿಗೆ ಹರಕೆ ಹೊತ್ತಿದ್ದಳು. ಇವರು ಚೆನ್ನಾಗಿ ನಡೆಯುವ ಹಾಗಾದರೆ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿಸ್ತೀನಿ ಅಂತ. ಹೊತ್ತವಳು ಅವಳು, ಹತ್ತಬೇಕಾದವನು ನಾನು. ನನಗೆ ಅನಸ್ತೇಷಿಯಾ ಕೊಟ್ಟಿದ್ದ ಹೊತ್ತಿನಲ್ಲಿ ಆದ ಒಪ್ಪಂದ ಇದು. ವಕೀಲರನ್ನು ಕೇಳಿದರೆ ಊರ್ಜಿತ ಅಲ್ಲ ಅನ್ನಬಹುದು. ಆದರೆ ಎದುರು ಪಕ್ಷದಲ್ಲಿ ಇರುವವಳು ಮಹಿಷಾಸುರನನ್ನು ಕೊಂದವಳು. ಸುಮ್ನೆ ಯಾಕೆ?

ಇದರಿಂದ ನನ್ನ ಪರಿಸ್ಥಿತಿ ವಿಚಿತ್ರವಾಯಿತು. ಗಾಲ್ಫಿಗೆ ಹೋಗಬೇಕಾದರೆ ಮಂಡಿ ವಾಸಿಯಾಗಿದೆ ಅನ್ನಬೇಕು. ಮೆಟ್ಟಿಲು ತಪ್ಪಿಸಿಕೊಳ್ಳಬೇಕಾದರೆ ಇನ್ನೂ ವಾಸಿಯಾಗಿಲ್ಲ ಅನ್ನಬೇಕು. ಎರಡನ್ನೂ ಒಂದೇ ಹೆಂಡತಿಗೆ ಹೇಳಬೇಕು.

ಮೊದಲು ಮನೆಯಲ್ಲೇ ಪುಟ್ಟಿಂಗ್ ಶುರು ಮಾಡಿದೆ. ಅಂದರೆ ಚೆಂಡನ್ನು ಮೆಲ್ಲಗೆ ಕುಳಿಗೆ ಉರುಳಿಸುವುದು. ಗಾಲ್ಫ್ ಕುಳಿಯ ಅಗಲ 108 ಮಿಲಿಮೀಟರ್. ಅಡುಗೆಮನೆಯಲ್ಲಿ ಟೇಪು ಹಿಡಿದು ಅಳೆದಾಗ ತಾಮ್ರದ ಚೊಂಬಿನ ಬಾಯಿ ಹತ್ತಿರ ಹತ್ತಿರ ಸರಿಹೋಯಿತು. 108 ಅಂದ ಕೂಡಲೇ ನನ್ನಾಕೆಗೆ ಈ ಆಟದ ಮೇಲೆ ಮೊದಲ ಸಲ ಒಂಚೂರು ಗೌರವ ಬಂತು. ಚೊಂಬನ್ನು ಹಾಲ್‌ನಲ್ಲಿ ಅಡ್ಡ ಮಲಗಿಸಿಕೊಂಡು ಹೊಡೆದೆ. ಚೆಂಡು ದಿವಾನದ ಅಡಿಗೆ ಹೋಯಿತು. ಹೊಡೆಯಲು ಡಾಕ್ಟರ ಅಪ್ಪಣೆ ಇತ್ತು, ಮಂಡಿಯೂರಿ ದಿವಾನದ ಕೆಳಗೆ ಹುಡುಕಲು ಇರಲಿಲ್ಲ. ನನ್ನಾಕೆ ಪೊರಕೆ ಹಾಕಿ ಎಳೆದು ಕೊಟ್ಟಳು. ಮತ್ತೆ ಹೊಡೆದೆ. ಮತ್ತೆ ಎಳೆದಳು. ಆಮೇಲೆ ಪೊರಕೆಯನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋದಳು.

ಬಗ್ಗಲಾರದವರಿಗೆ ಅಂತಲೇ ಒಂದು ರಬ್ಬರ್ ಬಟ್ಟಲು ಸಿಗುತ್ತದೆ. ಚೆಂಡು ಉರುಳಿಸುವ ಕೋಲಾದ ಪುಟರ್‌ನ ಹಿಡಿಯ ತುದಿಗೆ ಸಿಕ್ಕಿಸಿ ಚೆಂಡಿನ ಮೇಲೆ ಒತ್ತಿದರೆ ಚೆಂಡು ಕಚ್ಚಿಕೊಂಡು ಮೇಲೆ ಬರುತ್ತದೆ. ಆನ್‌ಲೈನಿನಲ್ಲಿ ತರಿಸಿದೆ. ಮೊಮ್ಮಗ ಅದನ್ನು ಫ್ರಿಜ್ಜಿನ ಬಾಗಿಲಿಗೆ ಒತ್ತಿ ಅಂಟಿಸಿ ಓಡಿಹೋದ. ನಾನು ಹಿಡಿದು ಎಳೆದೆ. ಬಟ್ಟಲು ಬಿಡಲಿಲ್ಲ, ಬಾಗಿಲು ಬಂತು. ಬಂದು ಬಡಿದದ್ದು ಬಲಮಂಡಿಗೆ. ಅಂದರೆ ನಾನು ಹುಟ್ಟುವಾಗ ತಂದದ್ದಕ್ಕೆ.

ಅಂತೂ ಒಂದು ದಿನ ಡಾಕ್ಟರು ಮೈದಾನಕ್ಕೆ ಹೋಗಲು ಒಪ್ಪಿದರು. ಷರತ್ತುಗಳು ಬೇಕಾದಷ್ಟಿದ್ದವು. ನಡೆಯಬಾರದು, ಬಗ್ಗಿ ಅನ್ನುವ ಪುಟ್ಟ ಗಾಡಿಯಲ್ಲಿ ಓಡಾಡಬೇಕು. ಮೊಳೆ ಶೂ ಬೇಡ, ಪಾದ ನೆಲಕ್ಕೆ ಕಚ್ಚಿಕೊಂಡರೆ ಮಂಡಿ ತಿರುಚುತ್ತದೆ. ಡ್ರೈವರ್ ಮುಟ್ಟಬಾರದು, ಗಿಡ್ಡ ಕೋಲುಗಳಲ್ಲಿ ಅರ್ಧ ಸ್ವಿಂಗ್, ಅಂದರೆ ಅರ್ಧ ಬೀಸು ಮಾತ್ರ.

ನಮ್ಮ ಮೈಸೂರಿನ ಗಾಲ್ಫ್ ಮೈದಾನ ರೇಸ್‌ಕೋರ್ಸಿಗೆ ಅಂಟಿಕೊಂಡೇ ಇದೆ. ತಲೆ ಎತ್ತಿದರೆ ಚಾಮುಂಡಿ ಬೆಟ್ಟ. ಇಷ್ಟು ವರ್ಷ ಅದನ್ನು ಚೆಂದ ಅಂದುಕೊಂಡಿದ್ದೆ. ಈಗ ಸಾಲ ಕೊಟ್ಟವರು ಎದುರಿಗೆ ಕುರ್ಚಿ ಹಾಕಿಕೊಂಡು ಕೂತ ಹಾಗೆ ಕಂಡಿತು.

ಗೆಳೆಯರೆಲ್ಲ ಟೈಗರ್ ವುಡ್ಸ್ ಕಥೆ ಸಿದ್ಧ ಮಾಡಿಕೊಂಡು ಬಂದಿದ್ದರು. ಮಂಡಿ ಆಪರೇಷನ್ ಆದ ಪ್ರತಿ ಗಾಲ್ಫರನಿಗೂ ಈ ಕಥೆ ಹೇಳಲೇಬೇಕು ಅಂತ ಎಲ್ಲೋ ನಿಯಮವಿದೆ. 2008ರ ಯುಎಸ್ ಓಪನ್, ಟೊರಿ ಪೈನ್ಸ್. ಹರಿದ ಲಿಗಮೆಂಟು, ಬಿರುಕು ಬಿಟ್ಟ ಕಾಲುಮೂಳೆ ಇಟ್ಟುಕೊಂಡು, ಮುಖ ಕಿವುಚುತ್ತಾ 91 ಕುಳಿ ಆಡಿ, ಪ್ಲೇಆಫ್‌ನಲ್ಲಿ ರಾಕೊ ಮೀಡಿಯೇಟ್ ಅವರನ್ನು ಸೋಲಿಸಿದ. ಆಮೇಲೆ ಹೋಗಿ ಆಪರೇಷನ್ ಮಾಡಿಸಿಕೊಂಡ. ಅವನದೂ ಎಡಮಂಡಿ, ನನ್ನದೂ ಎಡಮಂಡಿ. ಹೋಲಿಕೆ ಅಲ್ಲಿಗೆ ಮುಗಿಯಿತು. ಅವನಿಗಾಗ ಮೂವತ್ತೆರಡು ವಯಸ್ಸು. ಅವನ ಹೆಸರಲ್ಲಿ ಯಾರೂ ಹರಕೆ ಹೊತ್ತಿರಲಿಲ್ಲ.

ಮೊದಲ ಹೊಡೆತವೇ ಚರಂಡಿಗೆ ಬಿತ್ತು. ಅಂಥ ಕಡೆ ಬಿದ್ದರೆ ಚೆಂಡನ್ನು ಕೈಯಿಂದ ನೆಲಕ್ಕೆ ಬಿಟ್ಟು ಆಡಬಹುದು. ಹಿಂದೆಲ್ಲ ಭುಜದೆತ್ತರದಿಂದ ಬಿಡುತ್ತಿದ್ದೆವು. ಆರಾಮಾಗಿತ್ತು. 2019ರಲ್ಲಿ ನಿಯಮ ಬದಲಾಯಿಸಿದರು. ಈಗ ಬಿಡಬೇಕಾದದ್ದು ಮಂಡಿಯೆತ್ತರದಿಂದ. ಸೊಂಟ ಇತ್ತು, ತೊಡೆ ಇತ್ತು, ಇವರಿಗೆ ಮಂಡಿಯೇ ಬೇಕಾಗಿತ್ತಾ? ಅದೇ ವರ್ಷ ಮೆಕ್ಸಿಕೋದಲ್ಲಿ ವೃತ್ತಿಪರ ಆಟಗಾರ ರಿಕಿ ಫೌಲರ್ ಅಭ್ಯಾಸಬಲದಿಂದ ಭುಜದಿಂದ ಬಿಟ್ಟು ದಂಡ ತೆತ್ತಿದ್ದ. ನಾನು ಹಲ್ಲು ಕಚ್ಚಿ ಬಾಗಿದೆ.

"ಯಾವ್ ಮಂಡಿ ಎತ್ರ ಸಾ? ಹೊಸ್ದಾ, ಹಳೇದಾ?" ಎಂದ ನನ್ನ ಕೋಲುಗಳ ಚೀಲ ಹೊರುವ ಕ್ಯಾಡಿ.

ಅವನು ಕೇಳಿದ್ದು ತಮಾಷೆಗೆ. ಆದರೆ ನಮ್ಮ ಗುಂಪಿನಲ್ಲಿ ಒಬ್ಬರು ನಿವೃತ್ತ ಆಡಿಟರ್ ಇದ್ದಾರೆ. ಆಪರೇಷನ್ ಆದ ಕಾಲಿನ ಉದ್ದ ಸ್ವಲ್ಪ ಹೆಚ್ಚುಕಡಿಮೆ ಆಗಿರುವ ಸಾಧ್ಯತೆಯನ್ನು ಅವರು ಗಂಭೀರವಾಗಿ ಎತ್ತಿದರು. ಚರ್ಚೆ ಮುಗಿಯುವ ತನಕ ನಾನು ಚೆಂಡು ಹಿಡಿದು ಬಗ್ಗಿಯೇ ಇದ್ದೆ.

ಅಲ್ಲಿಂದ ಚೆಂಡು ಬಂಕರ್‌ಗೆ, ಅಂದರೆ ಮರಳಿನ ಗುಂಡಿಗೆ ಹೋಯಿತು. ಬಂಕರ್ ಬಗ್ಗೆ ಡಾಕ್ಟರ ಷರತ್ತುಗಳಲ್ಲಿ ಒಂದು ಮಾತೂ ಇರಲಿಲ್ಲ. ಅವರು ಗಾಲ್ಫ್ ಆಡುವುದಿಲ್ಲ, ಪಾಪ. ತಗ್ಗಿನ ಕಡೆಯಿಂದ ನಿಧಾನಕ್ಕೆ ಮರಳಿಗೆ ಇಳಿದೆ. ಹೊಡೆದೆ. ಚೆಂಡು ಮೊದಲ ಏಟಿಗೇ ಹೊರಗೆ ಬಂತು, ನಾನು ಬರಲಿಲ್ಲ. ಒಂದು ಕಾಲು ಎತ್ತಿಟ್ಟರೆ ಇನ್ನೊಂದರ ಕೆಳಗೆ ಮರಳು ಜಾರುತ್ತದೆ. ಕ್ಯಾಡಿ ಒಂದು ಕೈ ಹಿಡಿದ, ಆಡಿಟರ್ ಇನ್ನೊಂದು ಹಿಡಿದರು. ಇನ್ನೊಬ್ಬ ಗೆಳೆಯರು ಹಿಂದಿನಿಂದ ತಳ್ಳಬಹುದಿತ್ತು. ಅವರು ವಿಡಿಯೊ ಮಾಡುತ್ತಿದ್ದರು. "ಕಾಲ್ ಬುಡಿ ಸಾ, ಮೈ ಬುಡಿ, ನಾನ್ ಎಳ್ಕತೀನಿ" ಅಂದ ಕ್ಯಾಡಿ. ಮೈ ಬಿಟ್ಟೆ. ಮೂವರೂ ಒಟ್ಟಿಗೆ ಹುಲ್ಲಿನ ಮೇಲೆ ಬಿದ್ದೆವು. ಬಂಕರಿನ ಗುರುತುಗಳನ್ನು ಸಮ ಮಾಡಿ ಬರುವುದು ಆಟದ ಶಿಷ್ಟಾಚಾರ. ಅಲ್ಲಿ ಬಿದ್ದಿದ್ದ ಗುರುತು ನೋಡಿದರೆ ಆನೆ ಸೆರೆ ಹಿಡಿದಿದ್ದಾರೆ ಅನ್ನಬೇಕು.

ವಿಡಿಯೊ ನನಗಿಂತ ಮೊದಲೇ ಮನೆ ಸೇರಿತ್ತು. ನನ್ನಾಕೆ ಎರಡು ಸಲ ನೋಡಿ, "ಪರವಾಗಿಲ್ಲ ರೀ, ಇಷ್ಟು ಹತ್ತಿದ್ದೀರಲ್ಲ. ಇನ್ನು ಸಾವಿರ ಅಷ್ಟೇ" ಎಂದಳು.

ಆಮೇಲೆ ನಡೆದದ್ದೇ ಆಶ್ಚರ್ಯ. ಅರ್ಧ ಸ್ವಿಂಗಿನಲ್ಲಿ ಚೆಂಡು ನೆಟ್ಟಗೆ ಹೋಗತೊಡಗಿತು. ದೂರ ಹೋಗುತ್ತಿರಲಿಲ್ಲ, ನೂರು ಯಾರ್ಡು ದಾಟಿದರೆ ಹೆಚ್ಚು. ಆದರೆ ಹೋದದ್ದು ಫೇರ್‌ವೇ ನಡುವೆ, ಅಂದರೆ ಹುಲ್ಲು ಕತ್ತರಿಸಿದ ದಾರಿಯ ಮಧ್ಯೆ. ಇಷ್ಟು ವರ್ಷ ಕೋಚ್‌ಗಳು "ನಿಧಾನ, ನಿಧಾನ" ಅಂತ ಬಾಯಿ ಬಡಿದುಕೊಂಡಿದ್ದರು. ಅವರ ಮಾತು ಕೇಳದ ಮೈ ಈಗ ಹೆದರಿಕೆಗೆ ಕೇಳುತ್ತಿತ್ತು. ಮೂರು ಸಲ ಪುಟುಪುಟು ಹೊಡೆದು ಕುಳಿ ಇರುವ ಗ್ರೀನ್ ಸೇರುತ್ತಿದ್ದೆ. ಅಷ್ಟರಲ್ಲಿ ಮುನ್ನೂರು ಯಾರ್ಡಿನ ಆಸೆಯ ಗೆಳೆಯರು ಪೊದೆಗಳಲ್ಲಿ ಇರುತ್ತಿದ್ದರು. ಹಿಂದೆ ಜೋಡಿ ಹಂಚುವಾಗ ನನ್ನ ಹೆಸರು ಬಂದರೆ ಆಡಿಟರ್ ಮುಖ ಇಳಿಯುತ್ತಿತ್ತು. ಈಗ ಅವರೇ ಬಂದು ಪಕ್ಕದಲ್ಲಿ ನಿಲ್ಲತೊಡಗಿದರು. ಬಾಜಿಯ ಕಾಫಿ, ವಡೆ ಎಲ್ಲ ನಮ್ಮ ಕಡೆಗೇ. ತೂಕದ ಬಗ್ಗೆ ಡಾಕ್ಟರು ಹೇಳಿದ್ದು ನೆನಪಿತ್ತು, ಆದರೆ ಗೆದ್ದ ವಡೆ ಬಿಡಲಾಗುತ್ತದೆಯೇ?

ಇಂಥ ಸುಖ ಸಾಗುತ್ತಿರುವಾಗ ಡಾಕ್ಟರು ಎಕ್ಸ್‌ರೇ ನೋಡಿ, ಮಂಡಿ ಮಡಚಿ, ಬಿಡಿಸಿ, ತುಂಬ ಖುಷಿಪಟ್ಟರು. "ಫಸ್ಟ್ ಕ್ಲಾಸ್ ಆಗಿದೆ. ಇನ್ಮೇಲೆ ಫುಲ್ ಸ್ವಿಂಗ್ ಹೊಡೀರಿ." ಮೆಟ್ಟಿಲು ಹತ್ತಬಹುದಾ ಅಂತ ನನ್ನಾಕೆ ಪಕ್ಕದಿಂದ ಕೇಳಿದಳು. ಸಾವಿರ ಬೇಡ, ಕಾರಲ್ಲಿ ಹೋಗಿ ಕೈಮುಗಿದು ಬನ್ನಿ ಅಂದರು. ಆ ಕ್ಷಣ ಆ ಡಾಕ್ಟರ ಕಾಲಿಗೆ ಬೀಳಬೇಕು ಅನ್ನಿಸಿತು. ಈಗ ಬೀಳಲು ಮಂಡಿಯೂ ಸಹಕರಿಸುತ್ತಿತ್ತು.

ಆಟ ಶುರುವಾಗುವ ಜಾಗವಾದ ಮೊದಲ ಟೀಯಲ್ಲಿ ಕವಚ ತೆಗೆದು ಡ್ರೈವರ್ ಹೊರಗೆಳೆದೆ. ಆಡಿಟರ್ ಮುಖ ಸಣ್ಣಗಾಯಿತು. "ಆ ಏಳನೇ ನಂಬರ್ ಕೋಲೇ ಚೆನ್ನಾಗಿತ್ತಲ್ವಾ?" ಅಂದರು. ನಾನು ಕೇಳಿಸಿಕೊಳ್ಳಲಿಲ್ಲ. ಮಂಡಿ ತಿರುಗಿತು, ಸೊಂಟ ತಿರುಗಿತು, ಹಳೆಯ ಸ್ವಿಂಗ್ ಯಾವ ಫಿಸಿಯೋಥೆರಪಿಯೂ ಇಲ್ಲದೆ ತಾನಾಗಿಯೇ ವಾಪಸ್ ಬಂತು. ಚೆಂಡು ಮೇಲೆದ್ದು, ಬಲಕ್ಕೆ ಬಾಗಿ, ಇನ್ನೂ ಬಲಕ್ಕೆ ಬಾಗಿ, ರೇಸ್‌ಕೋರ್ಸಿನ ಕಡೆ ಹೊರಟೇ ಹೋಯಿತು.

ಹುಡುಕಲು ನಿಯಮದ ಪ್ರಕಾರ ಮೂರು ನಿಮಿಷ. ಕ್ಯಾಡಿ ಹುಡುಕಲು ಹೋಗಲೂ ಇಲ್ಲ. ಡ್ರೈವರನ್ನು ನನ್ನ ಕೈಯಿಂದ ತೆಗೆದುಕೊಂಡು, ಒರೆಸಿ, ಕವಚ ಹಾಕಿ, ಬ್ಯಾಗಿಗೆ ಸೇರಿಸಿದ.

"ಸಾ, ಬಲಗಾಲಿಂದು ಯಾವಾಗ ಮಾಡಿಸ್ಕತೀರಾ?"